ಉಪ್ಪು ಬಿತ್ತು

ನಮ್ಮ ಕೇರಿಯಲ್ಲಿ ಪ್ರದೋಷ ಯಾವತ್ತು ಎಂದು ತಿಳಿಯಲು ಪಂಚಾಂಗ ಬಿಡಿಸಬೇಕಾಗಿಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಮೀನಿನವಳು ಎಲ್ಲರ ಮನೆ ಮುಂದೆಯೂ ಕೂಗಿ, ಗಣಪಕ್ಕನ ಮನೆ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡು ದಾಟಿದಳೆಂದರೆ ಅವತ್ತು ತ್ರಯೋದಶಿ. ಅವತ್ತು ಹೊತ್ತು ಮುಳುಗಿ, ಮಹಾಲಿಂಗೇಶ್ವರನ ಗುಡಿಯಲ್ಲಿ ಮೂರುಸಂಜೆಯ ಪೂಜೆ ಆಗಿ, ಮಂಗಳಾರತಿಯನ್ನು ಕಣ್ಣಿಗೆ ಒತ್ತಿಕೊಳ್ಳುವ ತನಕ ಗಣಪಕ್ಕನ ಹೊಟ್ಟೆಗೆ ನೀರು ಬಿಟ್ಟರೆ ಬೇರೇನೂ ಇಳಿಯುವುದಿಲ್ಲ. ಜ್ವರ ಬಂದಾಗಲೂ ಇಳಿದಿಲ್ಲ, ಮಗಳು ದಿವ್ಯಶ್ರೀಯ ಮದುವೆಯ ಓಡಾಟದ ನಡುವೆಯೂ ಇಳಿದಿಲ್ಲ.

ನಾನು ವಿನುತಾ, ಅವಳ ಪಕ್ಕದ ಮನೆಯವಳು. ಬಟ್ಟೆ ಹೊಲಿಯುವುದು ನನ್ನ ಕಸುಬು. ಉಪವಾಸ ನನಗೆ ಆಗಿಬರುವುದಿಲ್ಲ. ಬೆಳಗಿನ ಅವಲಕ್ಕಿ ಸ್ವಲ್ಪ ತಡವಾದರೂ ಊರಿನವರೆಲ್ಲ ನನಗೆ ವೈರಿಗಳ ಹಾಗೆ ಕಾಣುತ್ತಾರೆ. ಉಪವಾಸದ ಕಥೆ ಹೇಳಲು ಇವಳೇ ಸಿಕ್ಕಿದಳೇ ಎಂದು ನಗುವವರು ನಗಲಿ. ಹಸಿದವರ ಸಂಗತಿಯನ್ನು ಉಂಡವರೇ ಹೇಳಬೇಕು. ಹಸಿದವರಿಗೆ ಅಷ್ಟು ಮಾತಾಡುವ ತ್ರಾಣ ಎಲ್ಲಿರುತ್ತದೆ?

ಅವಳ ನಿಜವಾದ ಹೆಸರು ಗಣಪಿ. ಗಂಡನ ಹೆಸರು ಗಣಪ. ಒಂದು ಸಲ ಕೂಗಿದರೆ ಇಬ್ಬರೂ ಓಗೊಡುತ್ತಾರೆ, ಖರ್ಚು ಕಡಿಮೆ ಎಂದು ಮದುವೆಯ ಕಾಲದಲ್ಲೇ ನೆಂಟರು ತಮಾಷೆ ಮಾಡಿದ್ದರಂತೆ. ಗಣಪಣ್ಣ ಭಟ್ಕಳ ಬಂದರಿನಿಂದ ಹೊನ್ನಾವರ, ಕುಮಟಾ ಪೇಟೆಗಳಿಗೆ ಟೆಂಪೋದಲ್ಲಿ ಮೀನು ಸಾಗಿಸುವವನು. ಪ್ರದೋಷದ ದಿನ ಅವನು ಟೆಂಪೋವನ್ನು ಮನೆಯಿಂದ ದೂರ, ಹೆದ್ದಾರಿಯ ಅಂಚಿನಲ್ಲೇ ನಿಲ್ಲಿಸಿ, ಬಾವಿಕಟ್ಟೆಯಲ್ಲಿ ಮಿಂದು ಒಳಗೆ ಬರುತ್ತಾನೆ. ಮಧ್ಯಾಹ್ನ ಕುಮಟೆಯ ಹೋಟೆಲಿನಲ್ಲಿ ಬಂಗಡೆ ಹುರಿದದ್ದನ್ನು ಮುಗಿಸಿಯೇ ಬಂದಿರುತ್ತಾನೆ ಎಂಬುದು ಕೇರಿಗೆಲ್ಲ ಗೊತ್ತು. ಗಣಪಕ್ಕನಿಗೂ ಗೊತ್ತು. ಅವಳು ಆ ಬಗ್ಗೆ ಕೇಳಿದ್ದೇ ಇಲ್ಲ.

ಗಣಪಕ್ಕನ ತವರು ಗೇರುಸೊಪ್ಪ. ಅಲ್ಲಿ ಅವಳ ಅಪ್ಪನ ಮನೆಯಲ್ಲಿ ಹಸಿವಾದಾಗ ಉಣ್ಣುವುದು, ನಿದ್ದೆ ಬಂದಾಗ ಮಲಗುವುದು, ಇಷ್ಟೇ ವ್ರತ. ಮದುವೆಯಾಗಿ ಬಂದ ವರ್ಷದ ಶಿವರಾತ್ರಿಗೆ ಅವಳು ಮೊದಲ ಬಾರಿ ದಿನವಿಡೀ ಉಪವಾಸ ಇರಬೇಕಾಯಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹೊಸ ಸೊಸೆ ಕಾಣೆ. ಅತ್ತೆ ದುರ್ಗಮ್ಮ ಹುಡುಕಿಕೊಂಡು ಹೋದರೆ, ಅಕ್ಕಿ ಕಣಜದ ಹಿಂದೆ ಕೂತು ಕೆನ್ನೆ ಉಬ್ಬಿಸಿಕೊಂಡು ಬೆಲ್ಲ ಮೆಲ್ಲುತ್ತಿದ್ದಳು. ದುರ್ಗಮ್ಮ ಅಲ್ಲಿ ಒಂದು ಮಾತೂ ಆಡಲಿಲ್ಲ. ಸಂಜೆ ಬಾವಿಕಟ್ಟೆಯಲ್ಲಿ ಹೆಂಗಸರೆಲ್ಲ ಸೇರುವ ತನಕ ಕಾದರು.

"ಗೇರುಸೊಪ್ಪದವ್ರಿಗೆ ಎಲ್ಲಾ ಬತ್ತದೆ," ಎಂದರು. "ಬಾಯಿ ಕಟ್ಟೂಕೆ ಒಂದು ಬತ್ತಿಲ್ಲ."

ಎಲ್ಲರೂ ನಕ್ಕರು. ಗಣಪಕ್ಕ ಕೊಡ ತುಂಬಿಸಿಕೊಂಡು ಮನೆಗೆ ಬಂದಳು. ಮುಂದಿನ ತ್ರಯೋದಶಿಯ ದಿನ, ಯಾರೂ ಹೇಳದೆ, ಯಾರಿಗೂ ಹೇಳದೆ, ಅವಳು ಊಟಕ್ಕೆ ಕೂರಲಿಲ್ಲ. ಭಕ್ತಿಯಿಂದ ಶುರು ಮಾಡಿದ್ದಾ ಎಂದು ನಾನೊಮ್ಮೆ ಕೇಳಿದ್ದೆ. ಅಲ್ಲ, ಸಿಟ್ಟಿನಿಂದ ಎಂದಳು. ಭಕ್ತಿ ಆಮೇಲೆ ಬಂತಂತೆ, ತಡವಾಗಿ ಬರುವ ಬಸ್ಸಿನ ಹಾಗೆ; ಬಂದ ಮೇಲೆ ಕೂರಲು ಜಾಗ ಮಾತ್ರ ಒಳ್ಳೆಯದೇ ಸಿಕ್ಕಿತಂತೆ.

ದುರ್ಗಮ್ಮನೂ ಸುಲಭಕ್ಕೆ ಸೋಲುವ ಹೆಂಗಸಲ್ಲ. ವ್ರತ ನಿನ್ನದು, ಹೊಟ್ಟೆ ನಮ್ಮದು ಎಂದು ಪ್ರದೋಷದ ದಿನವೂ ಬೇಕೆಂದೇ ಮೀನು ಸಾರು ಮಾಡಿಸುತ್ತಿದ್ದರು. ಸೊಸೆ ತೆಂಗಿನಕಾಯಿ ಅರೆದು, ಬಂಗಡೆ ಸಾರು ಕುದಿಸಿ, ಎಲ್ಲರಿಗೂ ಬಡಿಸಿ, ಮತ್ತೆ ಮಿಂದು ಒದ್ದೆ ಕೂದಲಲ್ಲೇ ಬಿಲ್ವಪತ್ರೆ ಕೊಯ್ಯಲು ಹೋಗುತ್ತಿದ್ದಳು. ಸಾರಿನ ರುಚಿ ನೋಡುವಂತಿಲ್ಲ. ಉಪ್ಪು ಹೆಚ್ಚುಕಡಿಮೆಯಾದರೆ ವ್ರತಕ್ಕೇ ಹೆಸರು ಕೆಡುತ್ತದೆ. ಹಾಗೆ ಕಲಿತದ್ದು ಅವಳ ಕೈ. ಸಾಣಿಕಟ್ಟೆಯ ಹರಳುಪ್ಪೇ ಆಗಬೇಕು. ಪ್ಯಾಕೆಟ್ಟಿನ ಪುಡಿ ಉಪ್ಪು ಮುಷ್ಟಿಯಲ್ಲಿ ನಿಲ್ಲುವುದಿಲ್ಲ, ಅದನ್ನು ನಂಬಬಾರದು ಎನ್ನುತ್ತಾಳೆ. ದುರ್ಗಮ್ಮ ಉಂಡು ಸುಮ್ಮನೆ ಎದ್ದರೆ ಉಪ್ಪು ಸರಿಯಾಗಿದೆ ಎಂದು ಅರ್ಥ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿದ್ದಿಲ್ಲ.

ವರ್ಷಗಳು ಕಳೆದ ಹಾಗೆ ಒಂದು ಪ್ರದೋಷದ ದಿನ ದುರ್ಗಮ್ಮ ಮೀನು ಬೇಡ ಎಂದರು. ಇನ್ನೊಂದು ಸಲ ಮಧ್ಯಾಹ್ನದ ಊಟವೇ ಬೇಡ ಎಂದರು. ಹೊಟ್ಟೆ ಸರಿಯಿಲ್ಲವಾ ಎಂದು ಮಗ ಕೇಳಿದ್ದಕ್ಕೆ, ಸರಿಯೇ ಇದೆ, ನಿನ್ನ ಕೆಲಸ ನೋಡು ಎಂದು ಗದರಿದರು. ಅಂದಿನಿಂದ ಅತ್ತೆ ಮುಂದೆ, ಎಣ್ಣೆ ಬಾಟಲಿ ಹಿಡಿದ ಸೊಸೆ ಹಿಂದೆ, ಇಬ್ಬರೂ ಮೂರುಸಂಜೆಗೆ ಗುಡಿಗೆ ಹೋಗುವುದನ್ನು ನಾವು ನೋಡುತ್ತ ಬಂದಿದ್ದೇವೆ. ದಾರಿಯಲ್ಲಿ ಮಾತಿಲ್ಲ, ಕತೆಯಿಲ್ಲ. ಬಾವಿಕಟ್ಟೆಯ ಆ ಮಾತನ್ನು ಒಬ್ಬರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಇನ್ನೊಬ್ಬರು ಮರೆಯಲಿಲ್ಲ.

ಇನ್ನು ನಮ್ಮ ಸಂಘದ ವಿಷಯ. ಕೇರಿಯ ಹೆಂಗಸರು ಕೆಲವರು ಸೇರಿ ಗೃಹಪ್ರವೇಶ, ನಾಮಕರಣ, ಸೀಮಂತಗಳಿಗೆ ಅಡುಗೆ ಮಾಡಿಕೊಡುತ್ತೇವೆ. ಗಣಪಕ್ಕ ಮುಖ್ಯ ಅಡುಗೆಯವಳು. ತರಕಾರಿ ಹೆಚ್ಚುವುದು ನಾನು, ಅರೆಯುವುದು, ಒಲೆ ನೋಡಿಕೊಳ್ಳುವುದು ಗಂಗೆ. ಶುರುವಿನಲ್ಲಿ ಒಂದು ತೊಟ್ಟಿಲ ಊಟದಲ್ಲಿ ಒಬ್ಬಳು ಹಾಕಿದ್ದು ತಿಳಿಯದೆ ಇನ್ನೊಬ್ಬಳು ಉಪ್ಪು ಹಾಕಿ, ಬಂದ ನೆಂಟರೆಲ್ಲ ಪಾಯಸವನ್ನೇ ಎರಡೆರಡು ಸಲ ಹಾಕಿಸಿಕೊಂಡು ಎದ್ದುಹೋಗಿದ್ದರು. ಆಮೇಲೆ ಗಣಪಕ್ಕ ಒಂದು ನಿಯಮ ಮಾಡಿದಳು. ಉಪ್ಪು ಹಾಕುವುದು ಅವಳೊಬ್ಬಳೇ. ಹಾಕಿದ ಕೂಡಲೇ "ಉಪ್ಪು ಬಿತ್ತು" ಎಂದು ಗಟ್ಟಿಯಾಗಿ ಹೇಳುತ್ತಾಳೆ. ಅಡುಗೆಮನೆಯಲ್ಲಿ ಇದ್ದವರೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ "ಬಿತ್ತು" ಎನ್ನಬೇಕು. ಹೊರಗಿನವರಿಗೆ ಇದು ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ಆಮೇಲೆ ನಮ್ಮ ಅಡುಗೆಯಲ್ಲಿ ಉಪ್ಪಿನ ದೂರು ಬಂದದ್ದಿಲ್ಲ.

ನಮ್ಮ ಗುಡಿಯಲ್ಲಿ ಶನಿ ಪ್ರದೋಷ ಬಂದಾಗ ಪೂಜೆಯ ನಂತರ ಊರಿಗೆಲ್ಲ ಊಟವಿರುತ್ತದೆ. ದಿನವಿಡೀ ಹಸಿದವರು ದೇವರ ಪ್ರಸಾದದಿಂದಲೇ ಉಪವಾಸ ಬಿಡಬೇಕು ಎಂಬುದು ಹಿಂದಿನಿಂದ ಬಂದ ರೂಢಿ. ಆ ಒಲೆ ಬಹುಕಾಲ ಕತಗಾಲದ ಪ್ರಕಾಶ ಹೆಗಡೆಯವರದ್ದಾಗಿತ್ತು. ಅವರ ಮೊಣಕಾಲು ಸೋತ ಮೇಲೆ ಇನ್ನು ಬೆಂಕಿಯ ಮುಂದೆ ನಿಲ್ಲಲಾರೆ ಎಂದು ಸೌಟು ಕೆಳಗಿಟ್ಟರು. ಕಮಿಟಿಯಲ್ಲಿ ಕೆಲವರಿಗೆ ಕುಮಟೆಯಿಂದ ಗಂಡಸರ ತಂಡ ಕರೆಸುವ ಮನಸ್ಸಿತ್ತು. ಅಧ್ಯಕ್ಷ ದಿನಕರಣ್ಣ ಹಠ ಹಿಡಿದು, ಊರಲ್ಲೇ ಕೈಗಳಿರುವಾಗ ಹೊರಗಿನವರು ಯಾಕೆ ಎಂದು ನಮ್ಮ ಸಂಘಕ್ಕೆ ಒಂದು ಅವಕಾಶ ಕೊಡಿಸಿದರು. ಬರುವ ಕಾರ್ತೀಕದ ಶನಿ ಪ್ರದೋಷದ ಊಟ ಒಂದನ್ನು ಮಾಡಿ ತೋರಿಸಬೇಕು. ಸರಿಬಂದರೆ ಮುಂದಿನ ಪ್ರದೋಷಗಳು, ಶಿವರಾತ್ರಿ ಎಲ್ಲ ನಮ್ಮ ಪಾಲಿಗೆ. ಎಡವಿದರೆ ಆ ಒಲೆಯ ಹತ್ತಿರ ಹೆಂಗಸರನ್ನು ಮತ್ತೆ ಯಾರೂ ಬಿಡುವುದಿಲ್ಲ, ಇದು ನಮಗೂ ಗೊತ್ತಿತ್ತು, ಎಡವಲಿ ಎಂದು ಕಾದವರಿಗೂ ಗೊತ್ತಿತ್ತು.

ಆ ಒಲೆಗೆ ಅದರದ್ದೇ ಕಟ್ಟಳೆಗಳಿವೆ. ನೈವೇದ್ಯ ಆಗುವ ತನಕ ಯಾವ ಅಡುಗೆಯನ್ನೂ ಯಾರೂ ರುಚಿ ನೋಡುವಂತಿಲ್ಲ, ಉಪವಾಸ ಇದ್ದವರೂ ಅಷ್ಟೆ, ಇಲ್ಲದವರೂ ಅಷ್ಟೆ. ಪೂಜೆಯ ಹೊತ್ತಿಗೆ ಭಟ್ಟರು ಬಂದು ಪ್ರತಿ ಪಾತ್ರೆಯ ಮೇಲೂ ಒಂದು ಬಿಲ್ವದ ಎಸಳು ಇಡುತ್ತಾರೆ. ಎಸಳು ಬಿದ್ದ ಮೇಲೆ ಅದು ದೇವರದ್ದಾಯಿತು. ಆಮೇಲೆ ಆ ಪಾತ್ರೆಗೆ ಒಂದು ಹರಳು ಉಪ್ಪನ್ನೂ ಸೇರಿಸುವಂತಿಲ್ಲ. ಹಾಗಾಗಿ ಅಲ್ಲಿ ತಪ್ಪಿದರೆ ತಪ್ಪಿದ್ದೇ. ಇಂಥ ಒಲೆಗೆ ಗಣಪಕ್ಕನಿಗಿಂತ ತಕ್ಕವರು ಯಾರಿದ್ದಾರೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ನನ್ನ ಬಾಯಿಯೇ ಹಾಗೆ.

ಆ ಶನಿವಾರ ಬೆಳಗಿನಿಂದಲೇ ಎಲ್ಲ ಸರಾಗವಾಗಿ ನಡೆಯಿತು. ಅನ್ನ, ಮೊಗೆಕಾಯಿ ಹುಳಿ, ಕೋಸಂಬರಿ, ಕಡಲೆಬೇಳೆ ಪಾಯಸ. ಗಣಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಗಾಗ ನೀರು ಮಾತ್ರ ಕುಡಿಯುತ್ತ, ದೊಡ್ಡ ಕೊಪ್ಪರಿಗೆಗಳ ನಡುವೆ ಓಡಾಡುತ್ತಿದ್ದಳು. ಹಸಿದ ಹೆಂಗಸಿಗೆ ಆ ಲವಲವಿಕೆ ಎಲ್ಲಿಂದ ಬರುತ್ತದೋ ದೇವರಿಗೇ ಗೊತ್ತು. ನಾನು ಎರಡು ಸಲ ಅವಲಕ್ಕಿ ತಿಂದೂ ಬಳಲಿ ಹೋಗಿದ್ದೆ. ದುರ್ಗಮ್ಮ ಗುಡಿಯ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಈ ವಯಸ್ಸಿನಲ್ಲಿ ಒಂದು ಲೋಟ ಹಾಲನ್ನಾದರೂ ಕುಡಿಯಿರಿ ಎಂದು ಭಟ್ಟರೇ ಹೇಳಿದರೂ ಕೇಳಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಹುಳಿ ಕುದಿಯಲು ಶುರುವಾಗಿತ್ತು. ಗಣಪಕ್ಕ ಉಪ್ಪಿನ ಮರಿಗೆಗೆ ಕೈ ಹಾಕಿ, ಎರಡೂ ಕೈಯ ಬೊಗಸೆಯಲ್ಲಿ ಹರಳುಪ್ಪು ತುಂಬಿಕೊಂಡು ಕೊಪ್ಪರಿಗೆಯ ಕಡೆ ತಿರುಗಿದ್ದನ್ನು ನಾನೇ ಕಂಡೆ. ಅಷ್ಟರಲ್ಲಿ ಜಗಲಿಯಿಂದ ಯಾರೋ ಕೂಗಿದರು. ದುರ್ಗಮ್ಮ ಕಂಬದಿಂದ ಜಾರಿ ನೆಲಕ್ಕೆ ಬಿದ್ದಿದ್ದರು.

ಎಲ್ಲರೂ ಓಡಿದೆವು. ಗಣಪಕ್ಕ ಎಲ್ಲರಿಗಿಂತ ಮುಂದೆ ಇದ್ದಳು. ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಖಕ್ಕೆ ನೀರು ಹಾಕಿ, ಸೆರಗಿನಿಂದ ಗಾಳಿ ಬೀಸಿದಳು. ದುರ್ಗಮ್ಮ ಕಣ್ಣು ಬಿಟ್ಟರು. ಎಳನೀರು ತಂದರೆ ಬಾಯಿ ಬಿಗಿಹಿಡಿದರು. ಆಗ ಗಣಪಕ್ಕ ಗದರಿದಳು. ಅತ್ತೆಗೆ ಅವಳು ಗದರಿದ್ದನ್ನು ಊರು ಮೊದಲ ಸಲ ಕೇಳಿತು. ಎಳನೀರಿನಿಂದ ವ್ರತ ಮುರಿಯುವುದಿಲ್ಲ, ಕುಡಿಯದಿದ್ದರೆ ನಾನೂ ಇಲ್ಲಿಂದ ಏಳುವುದಿಲ್ಲ ಎಂದಳು. ದುರ್ಗಮ್ಮ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಎಳನೀರನ್ನು ಪೂರ್ತಿ ಕುಡಿದರು. ಜೀವ ಸರಿಯಾಯಿತು.

ನಾವು ಒಲೆಯ ಹತ್ತಿರ ಮರಳಿದಾಗ ಹುಳಿ ಗಳಗಳ ಕುದಿಯುತ್ತಿತ್ತು. ಗಣಪಕ್ಕ ಸೌಟು ಎತ್ತಿದವಳು ಹಾಗೇ ನಿಂತುಬಿಟ್ಟಳು. ತನ್ನ ಅಂಗೈಗಳನ್ನು ನೋಡಿಕೊಂಡಳು. ಒದ್ದೆಯಾಗಿದ್ದವು. ಉಪ್ಪು ಎಲ್ಲಿ ಹೋಯಿತು? ಕೊಪ್ಪರಿಗೆಗೆ ಬಿತ್ತೋ, ಮರಿಗೆಗೆ ವಾಪಸು ಹೋಯಿತೋ, ಓಡುವ ಭರದಲ್ಲಿ ಅಂಗಳಕ್ಕೆ ಚೆಲ್ಲಿತೋ? ನೆಲವನ್ನು ಆಗಲೇ ಯಾರೋ ನೀರು ಹಾಕಿ ಗುಡಿಸಿದ್ದರು. ಮರಿಗೆಯ ಉಪ್ಪು ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಉಪ್ಪು ಬಿತ್ತು" ಎಂದು ಅವಳು ಹೇಳಿದ್ದನ್ನು ಕೇಳಿದ್ದೇನೆ ಎಂದಳು ಗಂಗೆ. ಹೇಳಲೇ ಇಲ್ಲ, ನಾವು ಯಾರೂ "ಬಿತ್ತು" ಎಂದಿಲ್ಲವಲ್ಲ ಎಂದೆ ನಾನು. ಇಬ್ಬರಿಗೂ ಜಗಳವೇ ಆಯಿತು. ಸುದ್ದಿ ತಿಳಿದು ದಿನಕರಣ್ಣ ಓಡಿಬಂದರು. ಪಾಪ, ನಮಗಾಗಿ ಮಾತು ಕೊಟ್ಟವರು ಅವರು. ಇನ್ನೊಂದು ಬೊಗಸೆ ಹಾಕಿಬಿಡು ಎಂದು ಪಿಸುಗುಟ್ಟಿದರು. ಬಿದ್ದಿದ್ದರೆ ಎಂದಳು ಗಣಪಕ್ಕ. ಹಾಗಾದರೆ ಅರ್ಧ ಹಾಕು ಎಂದರು. ಅವಳು ತಲೆಯಲ್ಲಾಡಿಸಿದಳು.

ನನಗೆ ತಡೆಯಲಿಲ್ಲ. ನನಗಂತೂ ಉಪವಾಸ ಇಲ್ಲ, ಒಂದು ಹನಿ ನಾಲಗೆಗೆ ಹಚ್ಚಿ ನೋಡುತ್ತೇನೆ, ಯಾರಿಗೆ ಗೊತ್ತಾಗುತ್ತದೆ ಎಂದೆ. ಅಡುಗೆಮನೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ದಿನಕರಣ್ಣನೂ ಬೇಡ ಎನ್ನದೆ ಬೇರೆ ಕಡೆ ಮುಖ ತಿರುಗಿಸಿದರು.

"ನಿಂಗೆ ಉಪವಾಸ ಇಲ್ಲ, ಖರೆ," ಎಂದಳು ಗಣಪಕ್ಕ. "ಅನ್ನ ಯಾರ್ದು? ಅವ ಇನ್ನೂ ಉಣ್ಲಿಲ್ಲ, ತಂಗಿ."

ನಾನು ಸೌಟು ಕೆಳಗಿಟ್ಟೆ. ಸಿಟ್ಟು ಬಂತು, ಅಳುವೂ ಬಂತು. ಹೊರಗೆ ಗಂಟೆ ಬಾರಿಸುವವರು ಅಣಿಯಾಗುತ್ತಿದ್ದರು. ಗಣಪಕ್ಕ ಕೊಪ್ಪರಿಗೆಯ ಮುಂದೆ ಕಣ್ಣು ಮುಚ್ಚಿ ಸ್ವಲ್ಪ ನಿಂತಳು. ಆಮೇಲೆ ಸೌಟಿನಿಂದ ಒಮ್ಮೆ ಮೊಗಚಿ, ಒಲೆಯ ಕೊಳ್ಳಿಗಳನ್ನು ಹಿಂದಕ್ಕೆ ಎಳೆದಳು. ಕಡಿಮೆಯಾದರೆ ಎಲೆಯಲ್ಲಿ ಸರಿಮಾಡಿಕೊಳ್ಳಬಹುದು, ಹೆಚ್ಚಾದರೆ ತೆಗೆಯಲು ಬರುವುದಿಲ್ಲ ಎಂದಳು. ಅಷ್ಟೇ. ಒಂದು ಹರಳನ್ನೂ ಹಾಕಲಿಲ್ಲ.

ಎಸಳು ಇಡಲು ಬಂದ ಭಟ್ಟರಿಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಭಟ್ಟರು ಕೊಪ್ಪರಿಗೆ ನೋಡಿದರು, ಅವಳ ಮುಖ ನೋಡಿದರು. ಇದೇ ಪ್ರದೋಷದ ಹೊತ್ತಿಗೆ ವಿಷವನ್ನೇ ಕುಡಿದವನು ಅವನು, ಹುಳಿ ಸಪ್ಪೆ ಎಂದು ಎದ್ದುಹೋಗುತ್ತಾನೆಯೇ ಎಂದು ನಕ್ಕು ಎಸಳು ಇಟ್ಟರು. ಗಂಟೆ, ಶಂಖ, ಜಾಗಟೆ ಮೊಳಗಿದವು. ಪಡುವಣದ ಕೆಂಪು ಇನ್ನೂ ಆರಿರಲಿಲ್ಲ. ಗುಡಿಯ ಸಾಲುದೀಪಗಳು ಹತ್ತಿಕೊಂಡವು. ಮಿಂದು ಮಡಿಯುಟ್ಟು ನಿಂತ ಗಣಪಣ್ಣನ ಪಕ್ಕದಲ್ಲಿ ದುರ್ಗಮ್ಮ ಗೋಡೆ ಹಿಡಿದು ನಿಂತಿದ್ದರು. ಗಣಪಕ್ಕ ನಂದಿಯ ಹಿಂದೆ ಬಾಗಿ, ಅದರ ಎರಡು ಕೋಡುಗಳ ನಡುವಿನಿಂದ ಲಿಂಗವನ್ನು ನೋಡಿದಳು. ಪ್ರತಿ ಪ್ರದೋಷದಲ್ಲೂ ಹಾಗೇ ನೋಡುತ್ತಾಳೆ. ಅವತ್ತು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

ಮಂಗಳಾರತಿ ಮುಗಿದದ್ದೇ ನಾನು ಒಳಗೆ ನುಗ್ಗಿ ಅಂಗೈಗೆ ಹುಳಿ ಹಾಕಿಕೊಂಡು ನೆಕ್ಕಿದೆ. ಸಪ್ಪೆ. ಉಪ್ಪಿನ ಸುಳಿವೇ ಇರಲಿಲ್ಲ. ಹಿಂದೆ ಬಂದು ನಿಂತಿದ್ದ ಗಣಪಕ್ಕನಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಸುಮ್ಮನೆ ಬಡಿಸಿಬಿಡೋಣ, ಹಸಿದವರಿಗೆ ಉಪ್ಪು ಗೊತ್ತಾಗುವುದಿಲ್ಲ, ಉಪ್ಪಿನಕಾಯಿ ಸ್ವಲ್ಪ ಧಾರಾಳವಾಗಿ ಹಾಕಿಸುತ್ತೇನೆ ಎಂದರು ದಿನಕರಣ್ಣ. ಹಸಿದವರಿಗೇ ಮೊದಲು ಗೊತ್ತಾಗುವುದು ಎಂದಳು ಅವಳು.

ಅಂಗಳದಲ್ಲಿ ಬಾಳೆಲೆ ಹಾಕಿ ಜನ ಕೂತಿದ್ದರು. ಎಲೆಯ ತುದಿಗೆ ರೂಢಿಯಂತೆ ಉಪ್ಪು ಬಡಿಸಿ ಆಗಿತ್ತು. ಮೊದಲ ಸಾಲಿನಲ್ಲೇ, ಕಾಲು ಮಡಿಸಲಾಗದೆ ಮಣೆ ಹಾಕಿಸಿಕೊಂಡು, ಕತಗಾಲದ ಪ್ರಕಾಶ ಹೆಗಡೆಯವರು. ಮೊಣಕಾಲು ನೋವಿಟ್ಟುಕೊಂಡು ಅಷ್ಟು ದೂರದಿಂದ ಬಂದದ್ದು ನಮ್ಮ ಅಡುಗೆ ಕೆಡುವುದನ್ನು ನೋಡಲಿಕ್ಕೇ ಎಂದು ನಾನು ಒಳಗೊಳಗೇ ಹಲ್ಲು ಕಡಿದೆ. ಗಣಪಕ್ಕ ಹುಳಿಯ ಪಾತ್ರೆ ಕೆಳಗಿಟ್ಟು ಸಾಲುಗಳ ನಡುವೆ ಬಂದು ನಿಂತಳು. ಬೆವರಿಗೆ ಕುಂಕುಮ ಇಳಿದಿತ್ತು.

"ಎಲ್ಲರೂ ಕೇಳಿ. ಹುಳಿಗೆ ಉಪ್ಪು ಬೀಳ್ಲಿಲ್ಲ. ತಪ್ಪು ನಂದು, ಬೇರೆ ಯಾರ್ದೂ ಅಲ್ಲ. ಎಲೆಯಲ್ಲಿ ಉಪ್ಪದೆ, ಕಲಸ್ಕಣಿ. ಸಾಲ್ದಿದ್ರೆ ನಾನೇ ತಕಂಡು ಬತ್ತೆ."

ಅತ್ತೆ ಬಿದ್ದದ್ದನ್ನು ಹೇಳಲಿಲ್ಲ. ಎರಡು ಶಬ್ದ ಸಾಕಾಗಿತ್ತು, ಊರೆಲ್ಲ ಅಯ್ಯೋ ಎನ್ನುತ್ತಿತ್ತು. ಅವಳು ಹೇಳಲಿಲ್ಲ. ನಾನು ಬಾಯಿ ತೆರೆದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು, ತೆರೆದ ಬಾಯಿ ಮುಚ್ಚಿದೆ. ನನ್ನ ಬಾಯಿ ಮುಚ್ಚಿಸಿದವರು ಹುಟ್ಟಿಲ್ಲ ಎಂದು ನನ್ನ ಗಂಡ ಹೇಳುವುದುಂಟು. ಅವನು ಅವತ್ತು ಅಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಸಾಲಿನಲ್ಲಿ ಗುಸುಗುಸು ಎದ್ದಿತು. ಹೆಂಗಸರ ಕೈಗೆ ಕೊಟ್ಟರೆ ಹೀಗೆಯೇ ಎಂದು ಕಮಿಟಿಯವರೊಬ್ಬರು ಗಟ್ಟಿಯಾಗಿಯೇ ಅಂದರು. ಬಡಿಸುವುದು ಶುರುವಾಯಿತು. ಹೆಗಡೆಯವರು ಅನ್ನಕ್ಕೆ ಹುಳಿ ಕಲಸಿ, ಉಪ್ಪು ಮುಟ್ಟದೆ ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ಅಗಿದರು. ಪಕ್ಕದವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವರು ತಲೆ ಎತ್ತಿದರು.

"ಉಪ್ಪೊಂದು ಇಲ್ಲೆ. ಉಳಿದದ್ದೆಲ್ಲ ಇದ್ದು," ಎಂದರು ತಮ್ಮ ಹವ್ಯಕ ಮಾತಿನಲ್ಲಿ; ಉಪ್ಪೊಂದು ಬಿಟ್ಟರೆ ಬೇರೇನೂ ಕಡಿಮೆಯಿಲ್ಲ ಎಂದು. ಎಲೆ ತುದಿಯ ಉಪ್ಪನ್ನು ಬೆರಳಲ್ಲಿ ಎಳೆದು ಕಲಸಿಕೊಂಡು ಮತ್ತೆ ಉಣ್ಣತೊಡಗಿದರು. ಅವರ ಬಗ್ಗೆ ನಾನು ಅಂದುಕೊಂಡದ್ದನ್ನೆಲ್ಲ ಅಲ್ಲೇ ನುಂಗಿಕೊಂಡೆ.

ಅಷ್ಟು ಹೊತ್ತಿಗೆ ಹೆಂಗಸರ ಸಾಲಿನಿಂದ ಒಂದು ಧ್ವನಿ ಬಂತು. ದುರ್ಗಮ್ಮ. ಮೇಲೇಳಲು ಆಗಲಿಲ್ಲ, ಕೂತಲ್ಲೇ, ಎಲೆಯ ಮುಂದೆಯೇ ಮಾತಾಡಿದರು. ಹಳೆಯ ಕಾಲದ ಧ್ವನಿ ಅದು, ಬಾವಿಕಟ್ಟೆಯಲ್ಲಿ ಪಳಗಿದ್ದು. ಅಂಗಳದ ಆಚೆ ತುದಿಯವರಿಗೂ ಕೇಳಿಸಿತು.

"ಅವ್ಳ ಕೈ ತಪ್ಪಲಿಲ್ಲ. ನಾ ಬಿದ್ದೆ. ಕೈಲಿದ್ದ ಉಪ್ಪು ಬಿಟ್ಟು ಈ ಮುದುಕಿ ಹತ್ರ ಓಡ್ಬಂದ್ಲು. ಅದ್ನ ನಿಮ್ಗೆ ಹೇಳೂಕೂ ಇಲ್ಲ."

ದುರ್ಗಮ್ಮ ಉಸಿರು ತೆಗೆದುಕೊಂಡರು.

"ಗೇರುಸೊಪ್ಪದವ್ರಿಗೆ ಬಾಯಿ ಕಟ್ಟೂಕೆ ಬತ್ತಿಲ್ಲ ಅಂದವ್ಳು ನಾನೇ. ಕೇಳ್ದವ್ರು ಕೆಲವ್ರು ಇಲ್ಲೇ ಕೂತಿದ್ರಿ. ಆ ಮಾತು ಇವತ್ತು ವಾಪಸ್ ತಕಂಡೆ. ಎಲ್ರೂ ಕೇಳ್ಕಣಿ."

ಹೇಳಿ ಮುಗಿಸಿ, ತಮ್ಮ ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಎಲೆಯಾಚೆ ಸರಿಸಿದರು. ಸಪ್ಪೆ ಹುಳಿಯನ್ನೇ ಅನ್ನಕ್ಕೆ ಕಲಸಿ, ತುತ್ತು ಕಟ್ಟಿ, ಒಂದು ಅಗುಳೂ ಬಿಡದೆ ಉಂಡರು. ಗಣಪಕ್ಕ ಉಪ್ಪಿನ ತಟ್ಟೆ ಹಿಡಿದು ಸಾಲಿನ ಆ ತುದಿಯಲ್ಲಿ ನಿಂತಿದ್ದಳು. ಅಳುತ್ತಿದ್ದಳೋ ಏನೋ, ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಎಲೆಗೆ ಬಾಗಿದಳು. ಜನ ಉಪ್ಪು ಕಲಸಿಕೊಂಡು ಹುಳಿಯನ್ನು ಎರಡನೆಯ ಸಲವೂ ಹಾಕಿಸಿಕೊಂಡರು. ಕೊಪ್ಪರಿಗೆ ತಳ ಕಂಡಿತು.

ನನಗೆ ಎದೆ ಉಬ್ಬಿತು ಎಂದು ಹೇಳಲು ನಾಚಿಕೆಯಿಲ್ಲ. ನಮ್ಮ ಕೇರಿಯ ಹೆಂಗಸು ಅವಳು, ನನ್ನ ಗೋಡೆಯಾಚೆಗಿನವಳು. ಹಸಿದ ಹೊಟ್ಟೆಯಲ್ಲಿ ಅಷ್ಟು ಜನರ ಮುಂದೆ ನಿಂತು ತಪ್ಪು ನನ್ನದು ಎನ್ನಲು ಬೇರೆ ಯಾರಿಗೆ ಆಗುತ್ತಿತ್ತು? ಕಮಿಟಿಯ ಮೀಟಿಂಗಿನಲ್ಲಿ ಮಾತು ಬಂದಾಗ ದಿನಕರಣ್ಣ ಬಾಯಿ ತೆರೆಯುವ ಮೊದಲೇ ಕತಗಾಲದಿಂದ ಹೆಗಡೆಯವರ ಫೋನು ಬಂದಿತ್ತಂತೆ. ದೇವರ ಮುಂದೆ ಸುಳ್ಳು ಬಡಿಸದವಳ ಕೈಯಿಂದ ಒಲೆ ತೆಗೆಯಬೇಡಿ ಎಂದರಂತೆ. ಯಾರೂ ತೆಗೆಯಲಿಲ್ಲ.

ಮುಂದಿನ ಶನಿ ಪ್ರದೋಷಕ್ಕೆ ನಾವೇ ಅಡುಗೆ. ಅವತ್ತು ದುರ್ಗಮ್ಮ ಜಗಲಿಯ ಕಂಬಕ್ಕೆ ಒರಗಿ ಕೂರಲಿಲ್ಲ. ಎಳನೀರಿನ ಲೋಟ ಪಕ್ಕದಲ್ಲಿಟ್ಟುಕೊಂಡು, ಅಡುಗೆಮನೆಯ ಬಾಗಿಲಿಗೇ ಚಾಪೆ ಹಾಕಿಸಿಕೊಂಡು ಕೂತರು. ಬಿದ್ದರೆ ಸೊಸೆ ದೂರ ಓಡಬೇಕಾಗಬಾರದಂತೆ. ಹೊತ್ತು ಇಳಿಯಿತು, ಹುಳಿ ಕುದಿಯಿತು. ಗಣಪಕ್ಕ ಬೊಗಸೆ ತುಂಬ ಹರಳುಪ್ಪು ತೆಗೆದು, ಕೊಪ್ಪರಿಗೆಯ ಮೇಲೆ ಕೈ ಬಿಡಿಸಿದಳು.

"ಉಪ್ಪು ಬಿತ್ತು," ಎಂದಳು.

ಗಂಗೆ, ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಿಂದ ದುರ್ಗಮ್ಮ ಹೇಳಿಯಾಗಿತ್ತು, ಗುಡಿಯೆಲ್ಲ ಕೇಳುವ ಹಾಗೆ.

"ಬಿತ್ತು."